ಹತ್ತೊಂಬತ್ತನೇ ಅಧ್ಯಾಯದ ನಂತರ ಪಾರ್ವತಿ ಎಲ್ಲಿ ಹೋದಳು?

ನಾಗಪುರದ ಬೇಸಿಗೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ದಾಟಿದ ಮೇಲೆ ಮಧ್ಯಾಹ್ನ ಮನೆಯಿಂದ ಹೊರಗೆ ಕಾಲಿಡುವ ಮಾತೇ ಇಲ್ಲ. ಕಿಟಕಿಗೆ ಕೂಲರ್ ಹಚ್ಚಿ, ಅದರ ಹುಲ್ಲಿನ ಪರದೆಗೆ ನೀರು ಬಿಟ್ಟು, ಕೋಣೆ ಕತ್ತಲು ಮಾಡಿಕೊಂಡು ಕೂತುಬಿಡುವುದು ಇಲ್ಲಿಯ ಪದ್ಧತಿ. ಕಳೆದ ಎರಡು ಬೇಸಿಗೆಯ ಭಾನುವಾರಗಳನ್ನು ನಾನು ಹಾಗೆ ಕೂತು ಒಂದು ಕಾದಂಬರಿ ಜೋಡಿಸುವುದರಲ್ಲಿ ಕಳೆದೆ. ಬರೆದದ್ದು ನಾನಲ್ಲ, ನಮ್ಮಪ್ಪ.

ಅಪ್ಪ ಬ್ಯಾಡಗಿ ಸೀಮೆಯ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರರಾಗಿದ್ದವರು. ನಿವೃತ್ತಿಯಾದ ಮರುವರ್ಷ ಉದ್ದನೆಯ ನೋಟ್‌ಬುಕ್ಕಿನಲ್ಲಿ ಕಾದಂಬರಿ ಶುರು ಮಾಡಿದರು. ಮೆಣಸಿನಕಾಯಿ ದಲಾಲಿ ಅಂಗಡಿಯ ಒಂದು ಮನೆತನ, 1950ರಿಂದ ಹಿಡಿದು ಮೂರು ತಲೆಮಾರು. ಮೊದಲ 22 ಅಧ್ಯಾಯಗಳನ್ನು ಊರಿನ ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿ ಸಿ.ಡಿ.ಗೆ ಹಾಕಿಸಿದ್ದರು. ಮುಂದಿನ ಒಂಬತ್ತು ಅಧ್ಯಾಯ ನೋಟ್‌ಬುಕ್ಕಿನಲ್ಲೇ ಉಳಿದಿತ್ತು. ಆಮೇಲೆ ಕಣ್ಣಿನ ಪೊರೆ, ಅವ್ವನ ಕಾಯಿಲೆ, ಎಲ್ಲ ಮುಗಿಯುವಷ್ಟರಲ್ಲಿ ಅಪ್ಪನ ಕೈ ನಡುಗತೊಡಗಿತ್ತು. ಎರಡು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋದಾಗ ಸಿ.ಡಿ.ಯನ್ನೂ ನೋಟ್‌ಬುಕ್ಕುಗಳನ್ನೂ ಒಂದು ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿಟ್ಟು ಕೊಟ್ಟು, 'ನೀನು ಕಂಪ್ಯೂಟರಿನಾಂವ. ಇದನ್ನ ಒಂದು ಹಾದಿಗೆ ಹಚ್ಚು' ಅಂದರು.

ನಾನು ಕಂಪ್ಯೂಟರಿನವನೇ ಹೌದು. ಮಿಹಾನ್‌ನ ಒಂದು ಕಂಪನಿಯಲ್ಲಿ ಬೇರೆ ದೇಶದ ವಿಮಾ ಸಂಸ್ಥೆಯೊಂದರ ಲೆಕ್ಕದ ತಂತ್ರಾಂಶ ನೋಡಿಕೊಳ್ಳುವುದು ನನ್ನ ಕೆಲಸ. ಕಾದಂಬರಿಗೂ ಒಂದು ತಂತ್ರಾಂಶ ಇರುತ್ತದೆ ಎಂಬುದು ಮಾತ್ರ ಆಗ ಗೊತ್ತಿರಲಿಲ್ಲ.

ಮೊದಲ ಪೆಟ್ಟು ಸಿ.ಡಿ.ಯಿಂದಲೇ ಬಿತ್ತು. ಫೈಲ್ ತೆರೆದರೆ ಪರದೆಯ ತುಂಬ ರೋಮನ್ ಅಕ್ಷರ, ತಲೆಯ ಮೇಲೆ ಗೀಟು ಹೊತ್ತ ಫ್ರೆಂಚ್ ಅಕ್ಷರ, ನಡುನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ. ಈ ಅನುಭವ ನಿಮ್ಮಲ್ಲಿ ಬಹಳ ಮಂದಿಗೆ ಆಗಿರುತ್ತದೆ. 'ನುಡಿ', 'ಬರಹ' ಬಂದ ಕಾಲಕ್ಕೆ ಕನ್ನಡಕ್ಕೆ ಅವು ಮಾಡಿದ ಉಪಕಾರ ದೊಡ್ಡದು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಆ ಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಅದರ ಕೀಲಿಮಣೆಯ ವಿನ್ಯಾಸಕ್ಕೆ ಮೂಲ ಕೆ.ಪಿ. ರಾಯರು. ಇವತ್ತಿಗೂ ನನ್ನ ಬೆರಳು ಕುಣಿಯುವುದು ಅದೇ ವಿನ್ಯಾಸದ ಮೇಲೆ. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಮನಸ್ಸಿನಲ್ಲಿ ರೋಮನ್. ಫಾಂಟ್ ಇಲ್ಲದ ಕಡೆ ಮುಖವಾಡ ಕಳಚಿ ಬೀಳುತ್ತಿತ್ತು. ಯೂನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಸ್ವಂತ ಕೋಣೆ ಇದೆ. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ವಿಷಯಕ್ಕೆ ಯಾಕೆ ಅಷ್ಟು ಹಟ ಹಿಡಿದಿದ್ದರು ಎಂಬುದು ನನಗೆ ಅರ್ಥವಾದದ್ದು ಅಪ್ಪನ ಸಿ.ಡಿ. ತೆರೆದ ದಿನ.

ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಕೆಲಸ ಕ್ಷಣಾರ್ಧದಲ್ಲಿ ಆಗುತ್ತದೆ, ಆದರೆ ಅದನ್ನು ಓದಿ ತಿದ್ದುವುದಕ್ಕೆ ನನಗೆ ಮೂರು ತಿಂಗಳು ಹಿಡಿಯಿತು. ಅಲ್ಲೊಂದು ವತ್ತು ಹಾರಿರುತ್ತದೆ, ಇಲ್ಲೊಂದು ದೀರ್ಘ ಬಿದ್ದಿರುತ್ತದೆ. ನೋಟ್‌ಬುಕ್ಕಿನ ಒಂಬತ್ತು ಅಧ್ಯಾಯಗಳನ್ನು ಹುಬ್ಬಳ್ಳಿಯಲ್ಲಿರುವ ಅಕ್ಕ ಟೈಪು ಮಾಡಲು ಒಪ್ಪಿಕೊಂಡಳು. ಮೊದಲು ನಾವು ಜಾಣತನ ತೋರಿಸಲು ಹೋಗಿ, ಅಪ್ಪ ಓದುವುದು, ಫೋನು ಕೇಳಿಸಿಕೊಂಡು ತಾನೇ ಬರೆದುಕೊಳ್ಳುವುದು ಎಂದು ಯೋಜನೆ ಹಾಕಿದ್ದೆವು. ವರ್ಣನೆಯ ಭಾಗ ಪರವಾಗಿಲ್ಲ ಎನ್ನುವ ಹಾಗೆ ಬಂತು. ಸಂಭಾಷಣೆ ಬಂದ ಕೂಡಲೇ ಫೋನು ಕೈಚೆಲ್ಲಿತು. 'ಹೋಗಾಕ್ಹತ್ತೀನಿ' ಎಂದು ಅಪ್ಪ ಓದಿದರೆ ಅದು ಯಾವುದೋ 'ಹತ್ತಿ'ಯನ್ನು ಬರೆದುಕೊಂಡಿತು. ಅಪ್ಪ ಮೂರು ಸಲ ಹೇಳಿ, ನಾಲ್ಕನೇ ಸಲ ಫೋನಿಗೇ ಬೈದರು. ಬೈದದ್ದನ್ನು ಮಾತ್ರ ಅದು ಒಂದು ಅಕ್ಷರ ತಪ್ಪದೆ ಬರೆದುಕೊಂಡಿತ್ತು.

ಎಲ್ಲ ಒಂದು ಕಡೆ ಸೇರಿದಾಗ 31 ಅಧ್ಯಾಯ, ಅರವತ್ತರ ಮೇಲೆ ಪಾತ್ರ, ಕೆಲವು ಕಡೆ ಒಂದೇ ಮದುವೆ ಎರಡು ಬೇರೆ ವರ್ಷಗಳಲ್ಲಿ ಆಗಿತ್ತು. ಒಂದೇ ಉದ್ದನೆಯ ವರ್ಡ್ ಫೈಲಿನಲ್ಲಿ ಇದನ್ನು ಹಿಡಿಯುವುದು ಸಾಧ್ಯವಿಲ್ಲ ಅನ್ನಿಸಿದಾಗ ಹುಡುಕಾಟ ಶುರುವಾಯಿತು.

ಈ ಜಾತಿಯ ತಂತ್ರಾಂಶಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಸ್ಕ್ರಿವನರ್. ಇಂಗ್ಲೆಂಡಿನ ಕೀತ್ ಬ್ಲೌಂಟ್ ಎಂಬವರು ಕಾದಂಬರಿ ಬರೆಯಲು ಹೊರಟು, ತಮಗೆ ಬೇಕಾದಂಥ ಉಪಕರಣ ಸಿಗದೆ, ಪ್ರೋಗ್ರಾಮಿಂಗ್ ಕಲಿತು ತಾವೇ ಕಟ್ಟಿಕೊಂಡದ್ದು. 2007ರಲ್ಲಿ ಮ್ಯಾಕ್‌ಗೆ, 2011ರಲ್ಲಿ ವಿಂಡೋಸ್‌ಗೆ ಬಂತು. ವೈರೈಟರ್ ಕೂಡ ಹೀಗೇ ಹುಟ್ಟಿದ್ದು. ಅದರ ಕರ್ತೃ ಆಸ್ಟ್ರೇಲಿಯಾದ ಸೈಮನ್ ಹೇನ್ಸ್, ಕಾದಂಬರಿಕಾರ ಮತ್ತು ಪ್ರೋಗ್ರಾಮರ್ ಎರಡೂ. ನಾವೆಲ್‌ರೈಟರ್, ಮ್ಯಾನುಸ್ಕ್ರಿಪ್ಟ್ ಎಂಬ ಇನ್ನೆರಡು ಮುಕ್ತ ತಂತ್ರಾಂಶಗಳಿವೆ, ಕಾಸು ಕೊಡಬೇಕಿಲ್ಲ. ಎಲ್ಲದರ ಮೂಲ ವಿಚಾರ ಒಂದೇ. ಕಾದಂಬರಿಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ಇಡು, ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸು, ಚೀಟಿಗಳನ್ನು ಹಿಂದೆಮುಂದೆ ಸರಿಸು, ಕೊನೆಗೆ ಎಲ್ಲವನ್ನೂ ಹೊಲಿದು ಒಂದು ಹಸ್ತಪ್ರತಿ ತೆಗೆ.

ಚೀಟಿಯ ಉಪಾಯ ಹಳೆಯದು. ವ್ಲಾದಿಮಿರ್ ನಬೊಕೊವ್ ರಟ್ಟಿನ ಚೀಟಿಗಳ ಮೇಲೆ ಕಾದಂಬರಿ ಬರೆಯುತ್ತಿದ್ದರು. ತೀರಿಕೊಂಡಾಗ ಅವರ ಕೊನೆಯ ಕಾದಂಬರಿ 138 ಚೀಟಿಗಳ ರೂಪದಲ್ಲಿ ಉಳಿದಿತ್ತು, 2009ರಲ್ಲಿ ಅದನ್ನು ಹಾಗೆಯೇ ಅಚ್ಚು ಮಾಡಿದರು. ನಮ್ಮ ಯಶವಂತ ಚಿತ್ತಾಲರು ರಾಸಾಯನಿಕ ಉದ್ಯಮದ ನೌಕರಿ ಮಾಡುತ್ತ ಮುಂಬಯಿಯಲ್ಲಿ ಕೂತು ಹನೇಹಳ್ಳಿಯನ್ನು ಬರೆದರು, 'ಶಿಕಾರಿ'ಯನ್ನೂ ಬರೆದರು. ಅವರ ಬಳಿ ಇದ್ಯಾವುದೂ ಇರಲಿಲ್ಲ ಎಂದು ಅಕ್ಕ ನನ್ನನ್ನು ಕಿಚಾಯಿಸಿದಳು. ಸರಿಯೇ. ಆದರೆ ಅವರು ತಮ್ಮ ಕಾದಂಬರಿಯನ್ನು ತಾವೇ ತಲೆಯಲ್ಲಿ ಹೊತ್ತವರು. ನಾನು ಹೊತ್ತದ್ದು ಇನ್ನೊಬ್ಬರ ತಲೆಯಲ್ಲಿದ್ದದ್ದನ್ನು, ಅದೂ ಸಾವಿರ ಕಿಲೋಮೀಟರ್ ಆಚೆಯಿಂದ.

ಸ್ಕ್ರಿವನರ್‌ನ ಪ್ರಾಯೋಗಿಕ ಪ್ರತಿ 30 ದಿನಕ್ಕೆ ಸಿಗುತ್ತದೆ. ಒಳ್ಳೆಯ ವಿಷಯವೆಂದರೆ ಅದು ಲೆಕ್ಕ ಹಾಕುವುದು ನೀವು ನಿಜವಾಗಿ ಬಳಸಿದ ದಿನಗಳನ್ನು ಮಾತ್ರ. ಭಾನುವಾರಕ್ಕೊಮ್ಮೆ ತೆರೆಯುವ ನನ್ನಂಥವನಿಗೆ ಅರ್ಧ ವರ್ಷದ ಮೇಲೆ ಬಂತು. ಎಡಗಡೆ ಅಧ್ಯಾಯಗಳ ಪಟ್ಟಿ, ನಡುವೆ ಕಾರ್ಕ್ ಹಲಗೆಯ ಮೇಲೆ ಅಂಟಿಸಿದ ಹಾಗೆ ಚೀಟಿಗಳು. ಪ್ರತಿ ದೃಶ್ಯಕ್ಕೂ 'ಯಾರ ಕಣ್ಣಿನಿಂದ' ಎಂದು ನೋಡಿ ಬಣ್ಣ ಕೊಟ್ಟೆ. ದಲಾಲಿ ಬಸಪ್ಪನಿಗೆ ಹಳದಿ, ಅವನ ಮಗನಿಗೆ ನೀಲಿ, ಮನೆಯ ಹಿರಿಮಗಳು ಪಾರ್ವತಿಗೆ ಕೆಂಪು. ಪಾರ್ವತಿ ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಣ್ಣಾಳುಗಳ ಜೊತೆ ಕೂತು ಹಾಡುವವಳು. ಓದಿದವರಿಗೆ ಪುಸ್ತಕದಲ್ಲಿ ಅವಳೇ ಇಷ್ಟವಾಗುತ್ತಾಳೆ.

ಬಣ್ಣ ಕೊಟ್ಟು ಮುಗಿಸಿ ಹಲಗೆಯನ್ನು ಒಮ್ಮೆಲೇ ನೋಡಿದಾಗ ಮೂರನೇ ಅಧ್ಯಾಯದಿಂದ ಹತ್ತೊಂಬತ್ತರವರೆಗೆ ಕೆಂಪು ಅಲ್ಲಲ್ಲಿ ಚೆಲ್ಲಿತ್ತು. ಆಮೇಲೆ ಒಂದೇ ಒಂದು ಕೆಂಪು ಚೀಟಿ ಇಲ್ಲ. ಸತ್ತಳೆಂದಿಲ್ಲ, ಹೋದಳೆಂದಿಲ್ಲ. ಇಪ್ಪತ್ತನೇ ಅಧ್ಯಾಯದಲ್ಲಿ ಮನೆಯವರೆಲ್ಲ ಊಟಕ್ಕೆ ಕೂತಿದ್ದಾರೆ, ಅವಳಿಲ್ಲ, ಯಾರೂ ಕೇಳುವುದೂ ಇಲ್ಲ. ಮೂರು ತಿಂಗಳು ಅಕ್ಷರ ತಿದ್ದುತ್ತ ಇದನ್ನು ಓದಿದ್ದ ನನಗೆ ಅದು ಹೊಳೆದಿರಲಿಲ್ಲ. ಹತ್ತಿರದಿಂದ ನೋಡುವವನಿಗೆ ಕಾಣದ್ದು ಆ ಹಲಗೆಯ ಮೇಲೆ ಎದ್ದು ಕಂಡಿತು. ಈ ತಂತ್ರಾಂಶಗಳಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಇದೊಂದನ್ನೇ ಹೇಳುವುದು. ಅವು ಬರೆದುಕೊಡುವುದಿಲ್ಲ. ಬರೆಯದೆ ಬಿಟ್ಟದ್ದನ್ನು ತೋರಿಸುತ್ತವೆ.

ಅಪ್ಪನಿಗೆ ಫೋನು ಮಾಡಿದೆ.

'ಅಪ್ಪಾ, ಹತ್ತೊಂಬತ್ತನೇ ಅಧ್ಯಾಯ ಆದ ಮ್ಯಾಲೆ ಪಾರ್ವತಿ ಎಲ್ಲಿ ಹೋದ್ಲು? ಬರಿಯೋದು ಮರತ್ರೇನು?'

ಸ್ವಲ್ಪ ಹೊತ್ತು ಮಾತಿಲ್ಲ. 'ಮರ್ತಿಲ್ಲ ತಮ್ಮಾ. ಬರೀಲಿಲ್ಲ.'

ಆ ವಾರ ಮತ್ತೆ ಆ ಮಾತು ಬರಲಿಲ್ಲ. ಮುಂದಿನ ಭಾನುವಾರ ಅವರೇ ಫೋನು ಮಾಡಿದರು. ಪಾರ್ವತಿ ಎಂದರೆ ಅಪ್ಪನ ಸ್ವಂತ ಅಕ್ಕ. 1957ರಲ್ಲಿ ಸೋಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದ ಒಬ್ಬನ ಜೊತೆ ಮನೆ ಬಿಟ್ಟು ಹೋದಳು. ಆ ಮೇಲೆ ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ. ನನಗೆ ಒಬ್ಬಳು ಸೋದರತ್ತೆ ಇದ್ದಳು ಎಂಬುದೇ ನನಗೂ ಅಕ್ಕನಿಗೂ ಗೊತ್ತಿರಲಿಲ್ಲ. 'ಅಕಿನ್ನ ನಸುಕಿನ್ಯಾಗ ಸ್ಟೇಶನ್ನಿಗೆ ಬಿಟ್ಟು ಬಂದಾಂವ ನಾನ. ಹನ್ನೊಂದು ವರ್ಷದಾಂವ ಇದ್ದೆ. ಟ್ರಂಕು ನಾನ ಹೊತ್ತಿದ್ದೆ. ಯಾರ ಮುಂದೂ ಹೇಳಿಲ್ಲ' ಅಂದರು.

ಇಲ್ಲಿ ಸಹೋದ್ಯೋಗಿಯೊಬ್ಬರು ಮಹೇಶ ಎಲಕುಂಚವಾರರ 'ವಾಡಾ ಚಿರೇಬಂದಿ' ಓದಲು ಕೊಟ್ಟಿದ್ದರು. ಎಲಕುಂಚವಾರರು ಇದೇ ನಾಗಪುರದವರು. ವಿದರ್ಭದ ಹಳ್ಳಿಯೊಂದರ ದೇಶಪಾಂಡೆ ಮನೆತನ ಕುಸಿಯುವ ಕಥೆಯನ್ನು ಅವರು ಆ ನಾಟಕದಲ್ಲಿ ಶುರು ಮಾಡಿ ಇನ್ನೆರಡು ನಾಟಕಗಳಿಗೆ ಬೆಳೆಸಿದರು. ನನ್ನ ಮರಾಠಿ ಸೀತಾಬರ್ಡಿಯ ಅಂಗಡಿಗಳಲ್ಲಿ ಚೌಕಾಶಿ ಮಾಡುವಷ್ಟರದು, ಆದರೂ ತಡವರಿಸುತ್ತ ಓದಿದೆ. ದೊಡ್ಡ ಮನೆಗಳಲ್ಲಿ ಯಾವುದನ್ನು ಮಾತಾಡುವುದಿಲ್ಲವೋ ಅದರ ಸುತ್ತಲೇ ಮನೆ ನಿಂತಿರುತ್ತದೆ ಎಂದು ಓದುತ್ತ ಅನ್ನಿಸಿತು. ಅಪ್ಪನಿಗೆ ಆ ನಾಟಕದ ಕಥೆ ಹೇಳಿದೆ. 'ಹೂಂ' ಅಂದರು, ಅಷ್ಟೇ. ಹದಿನೈದು ದಿನದ ನಂತರ ಅಕ್ಕ ವಾಟ್ಸ್ಆ್ಯಪಿನಲ್ಲಿ ನೋಟ್‌ಬುಕ್ಕಿನ ನಾಲ್ಕು ಪುಟದ ಫೋಟೋ ಕಳಿಸಿದಳು. ನಡುಗುವ ಕೈಯ ದಪ್ಪ ದಪ್ಪ ಅಕ್ಷರ. ನಸುಕು, ಟ್ರಂಕು, ಸ್ಟೇಶನ್ನಿನ ಕಲ್ಲಿನ ಬೆಂಚು. ಅದನ್ನು ಹತ್ತೊಂಬತ್ತರ ನಂತರ ಹೊಸ ಚೀಟಿ ಮಾಡಿ ಸೇರಿಸಿದೆ.

ಮುಂದಿನ ಏಳು ತಿಂಗಳಲ್ಲಿ ಅಂಥ ಹನ್ನೊಂದು ಚೀಟಿ ಆದವು. ಈ ಅವಧಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅಪ್ಪ ಬರೆದ ಸಂಭಾಷಣೆ ಬೆಂಗಳೂರು, ಮೈಸೂರಿನ ಓದುಗರಿಗೆ ಕಷ್ಟವಾದೀತೆಂದು ಮೂರು ದೃಶ್ಯಗಳ ಮಾತನ್ನು 'ಶುದ್ಧ' ಮಾಡಿದೆ. ಓದಿ ಕೇಳಿಸಿದಾಗ ಅಪ್ಪ, 'ನಮ್ಮಕ್ಕ ಹಿಂಗ ಮಾತಾಡ್ತಿದ್ದಿಲ್ಲ' ಎಂದು ಫೋನು ಇಟ್ಟುಬಿಟ್ಟರು. ಸ್ಕ್ರಿವನರ್‌ನಲ್ಲಿ ತಿದ್ದುವ ಮುಂಚೆ ದೃಶ್ಯದ ಒಂದು ಪ್ರತಿಯನ್ನು ತಾರೀಖಿನ ಸಮೇತ ತೆಗೆದಿಡುವ ಸೌಲಭ್ಯ ಇದೆ, ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಅಭ್ಯಾಸಬಲದಿಂದ ತೆಗೆದಿಟ್ಟಿದ್ದೆ, ಬಚಾವಾದೆ. ನಮ್ಮ ಆಫೀಸಿನಲ್ಲಿ ಎರಡು ಸಾಲಿನ ಕೋಡ್ ಬದಲಿಸಿದರೂ ಹಳೆಯದನ್ನು ಕಾದಿಡುತ್ತೇವೆ. ಅಪ್ಪನ ವಾಕ್ಯಕ್ಕೆ ಅಷ್ಟಾದರೂ ಮರ್ಯಾದೆ ಬೇಡವೆ?

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ಈ ಉಪಕರಣಗಳು ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವಲ್ಲ, ಅದನ್ನು ಮರೆತರೆ ಪೇಚಾಟ ಖಂಡಿತ. ಪದಗಳ ಎಣಿಕೆಯನ್ನೇ ನೋಡಿ. ದಿನಕ್ಕೆ ಇಷ್ಟು ಪದ ಎಂದು ಗುರಿ ಇಡುವ ಸೌಲಭ್ಯ ಇವುಗಳಲ್ಲಿ ಕೆಲವದರಲ್ಲಿ ಇದೆ. ಅಮೆರಿಕದಲ್ಲಿ 1999ರಲ್ಲಿ ಶುರುವಾಗಿ, ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕುವವರೆಗೆ ನಡೆದ ನವೆಂಬರ್ ತಿಂಗಳ ಕಾದಂಬರಿ ಸವಾಲು ಆ ಚಟವನ್ನು ಜಗತ್ತಿಗೆಲ್ಲ ಹಚ್ಚಿತು, 30 ದಿನಕ್ಕೆ 50,000 ಪದ. ನಮ್ಮಲ್ಲಿ 'ಬರೆದುಕೊಂಡುಬಿಟ್ಟಿದ್ದಾನಂತೆ' ಎಂಬುದು ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಬೇಕು. ಇಂಗ್ಲಿಷ್ ಲೆಕ್ಕ ಹಿಡಿದು ಗುರಿ ಇಟ್ಟುಕೊಂಡವನು ತಾನು ಸೋಮಾರಿ ಎಂದು ಸುಮ್ಮನೆ ಕೊರಗಬೇಕಾಗುತ್ತದೆ. ಪುಟದ ಲೆಕ್ಕವೇ ವಾಸಿ.

ದೊಡ್ಡ ಪೇಚಾಟ ಹೆಸರಿನಲ್ಲಿ ಆಯಿತು. ಕೆಲಸ ಮುಗಿಯುತ್ತ ಬಂದಾಗ ಅಪ್ಪ ಒಂದು ಅನುಮಾನ ತೆಗೆದರು. ಪಾರ್ವತಿ ಎಂಬುದು ಅತ್ತೆಯ ನಿಜವಾದ ಹೆಸರು. ಅತ್ತೆ ಈಗಿಲ್ಲ, ಆದರೆ ಸೋಲಾಪುರದಲ್ಲಿ ಅವಳ ಮಗಳಿದ್ದಾಳಂತೆ. ಅಚ್ಚಾದರೆ ಅವಳಿಗೆ ಏನನ್ನಿಸೀತು? 'ಹೆಸರು ಬದ್ಲಿ ಮಾಡು. ನೀಲವ್ವ ಅಂತ ಹಾಕು' ಅಂದರು. ಅದೇನು ಮಹಾ, ಹುಡುಕಿ ಬದಲಿಸುವ ಗುಂಡಿ ಒತ್ತಿದರಾಯಿತು ಎಂದುಕೊಂಡೆ. ಒತ್ತಿದೆ.

'ಪಾರ್ವತಿಯ ಕಣ್ಣು' ಎಂಬುದು 'ನೀಲವ್ವಯ ಕಣ್ಣು' ಆಯಿತು. 'ಪಾರ್ವತಿಯನ್ನು ಕರೆದರು' ಎಂಬುದು 'ನೀಲವ್ವಯನ್ನು ಕರೆದರು' ಆಯಿತು. ಕನ್ನಡದಲ್ಲಿ ವಿಭಕ್ತಿ ಹೆಸರಿಗೆ ಅಂಟಿಕೊಂಡೇ ಬರುತ್ತದೆ, ಹೆಸರಿನ ಕೊನೆಯ ಸ್ವರ ನೋಡಿ ರೂಪ ಬದಲಿಸುತ್ತದೆ. ಗುಂಡಿಗೆ ಅದೇನು ಗೊತ್ತು? ಊರಿನ ಜಾತ್ರೆಯ ದೃಶ್ಯದಲ್ಲಿ ಭಕ್ತರು ನೀಲವ್ವ ಪರಮೇಶ್ವರರ ಪಲ್ಲಕ್ಕಿ ಹೊತ್ತು ನಡೆದಿದ್ದರು. ಇಷ್ಟಾದರೂ ಅಕ್ಕ ಟೈಪು ಮಾಡಿದ ಅಧ್ಯಾಯಗಳಲ್ಲಿ ಪಾರ್ವತಿ ಅಲುಗಾಡದೆ ಹಾಗೇ ಉಳಿದಿದ್ದಳು. ಕಾರಣ ಹುಡುಕಲು ಒಂದು ಸಂಜೆ ಹಿಡಿಯಿತು. ಅಕ್ಕನಿಗೆ ಅರ್ಕಾವತ್ತು ಸೇರದು. ಅವಳು ರ-ಕಾರವನ್ನು ಮೇಲೆ ಇಟ್ಟು, ವ-ವತ್ತನ್ನು ಅದರ ಕೆಳಗೆ ಕೊಟ್ಟು 'ಪಾರ‍್ವತಿ' ಎಂದು ಬರೆಯುತ್ತಾಳೆ. ಹಾಗೆ ಬರೆದಾಗ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಕೂತಿರುತ್ತದೆ. ಓದುವವರಿಗೆ ಎರಡೂ ಒಂದೇ ಪಾರ್ವತಿ, ಕಂಪ್ಯೂಟರಿಗೆ ಇಬ್ಬರು ಬೇರೆ ಹೆಂಗಸರು. 'ಸಾಫ್ಟ್‌ವೇರ್' ಎಂಬಂಥ ಪದಗಳಲ್ಲೂ ಇಂಥದೇ ಅದೃಶ್ಯ ಅಕ್ಷರವೊಂದು ಕೆಲವರ ಬರವಣಿಗೆಯಲ್ಲಿ ಇರುತ್ತದೆ, ಕೆಲವರದರಲ್ಲಿ ಇರುವುದಿಲ್ಲ. ಒಬ್ಬರಿಗಿಂತ ಹೆಚ್ಚು ಜನ ಟೈಪು ಮಾಡುವುದಾದರೆ ಒಂದೇ ಕೀಲಿಮಣೆ, ಒಂದೇ ರೂಢಿ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ.

ಕೊನೆಗೆ ಪಾರ್ವತಿಯ, ಪಾರ್ವತಿಗೆ, ಪಾರ್ವತಿಯನ್ನು, ಪಾರ್ವತಿಯಿಂದ, ಪಾರ್ವತೀ, ಪಾರ್ವತಿಯೂ ಎಂದು ಎಲ್ಲ ರೂಪಗಳ ಪಟ್ಟಿ ಮಾಡಿ, ಅರ್ಕಾವತ್ತಿನದು ಒಂದು ಸಾಲು, ಇಲ್ಲದ್ದು ಒಂದು ಸಾಲು ಎಂದು ಒಂದೊಂದಾಗಿ ಬದಲಿಸಿದೆ. ನಮ್ಮ ಬಡಾವಣೆಗೆ ಹತ್ತಿರವೇ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಇದೆ. ಅದರ ಗೇಟಿನ ಮುಂದೆ ಹಾಯುವಾಗೆಲ್ಲ, ಅಲ್ಲಿ ಓದುವ ಕನ್ನಡದ ಹುಡುಗರು ಯಾರಾದರೂ ವಿಭಕ್ತಿ ಬಲ್ಲ ಒಂದು 'ಹುಡುಕಿ ಬದಲಿಸು' ಮಾಡಿಕೊಡಬಾರದೆ ಎಂದು ಆಸೆಯಾಗುತ್ತದೆ. ಕೃತಕ ಬುದ್ಧಿಮತ್ತೆಗೆ ಕೊಡಬಹುದಿತ್ತಲ್ಲ ಎಂದು ಕೇಳುವಿರಿ. ಒಂದು ದೃಶ್ಯ ಕೊಟ್ಟು ನೋಡಿದೆ. ಹೆಸರಿನ ಜೊತೆ ಅಪ್ಪನ ಎರಡು ವಾಕ್ಯಗಳನ್ನೂ ಕೇಳದೆ ನಯಗೊಳಿಸಿ ಕೊಟ್ಟಿತು. ಸ್ನ್ಯಾಪ್‌ಶಾಟ್ ಇತ್ತು, ಹಿಂದಕ್ಕೆ ತಂದೆ.

ನಿಮ್ಮಲ್ಲೂ ಕೆಲವರ ಮನೆಯಲ್ಲಿ ಹೀಗೊಂದು ಪೆಟ್ಟಿಗೆ ಇರಬಹುದು, ಅಥವಾ ನಿಮ್ಮದೇ ಅರ್ಧ ಬರೆದ ಕಾದಂಬರಿ ಇರಬಹುದು. ಯಾವ ತಂತ್ರಾಂಶ ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ ಪಠ್ಯವನ್ನು ಯೂನಿಕೋಡಿಗೆ ತನ್ನಿ, ಆ ಕೆಲಸವನ್ನು ಯಾವ ಚೀಟಿ ಹಲಗೆಯೂ ಮಾಡಿಕೊಡುವುದಿಲ್ಲ. ಆಮೇಲೆ, ಬೇಡವಾದ ದಿನ ನಿಮ್ಮ ಬರವಣಿಗೆಯನ್ನು ಹೊರಗೆ ತರಲು ಆಗುತ್ತದೆಯೇ ಎಂದು ನೋಡಿ. ಸ್ಕ್ರಿವನರ್‌ನ ಒಂದು ಪುಸ್ತಕ ಎಂದರೆ ಒಳಗೆ ದೃಶ್ಯಕ್ಕೊಂದರಂತೆ ಆರ್‌ಟಿಎಫ್ ಫೈಲುಗಳಿರುವ ಒಂದು ಫೋಲ್ಡರ್. ನಾವೆಲ್‌ರೈಟರ್ ಇನ್ನೂ ಸರಳ, ಬರೀ ಪಠ್ಯದ ಕಡತಗಳಲ್ಲಿ ಇಡುತ್ತದೆ. ಇಂಥವನ್ನು ಇಪ್ಪತ್ತು ವರ್ಷದ ನಂತರವೂ ತೆರೆಯಬಹುದು, ಅಪ್ಪನ ಸಿ.ಡಿ.ಯ ಗತಿ ಬರುವುದಿಲ್ಲ. ಕಾಸು ಖರ್ಚು ಮಾಡುವ ಮನಸ್ಸಿಲ್ಲದವರು ನಾವೆಲ್‌ರೈಟರ್‌ನಿಂದಲೇ ಶುರು ಮಾಡಿ. ಮೂರು ನಾಲ್ಕು ಪಾತ್ರದ ಸಣ್ಣ ಕಥೆಗೆ ಇದ್ಯಾವುದೂ ಬೇಡ, ಒಂದು ನೋಟ್‌ಬುಕ್ಕು ಸಾಕು. ಚೀಟಿಗೆ ಬಣ್ಣ ಕೊಡುವುದೇ ಒಂದು ಸುಖವಾಗಿಬಿಡುತ್ತದೆ, ಬರೆಯದೆ ಇರುವುದಕ್ಕೆ ಅಷ್ಟು ಗೌರವದ ನೆಪ ಬೇರೆ ಸಿಗುವುದಿಲ್ಲ. ನನ್ನ ಎರಡು ಭಾನುವಾರ ಹಾಗೆ ಹೋಗಿವೆ.

ಪುಸ್ತಕಕ್ಕಾಗಿ ಮಾತಾಡಿಸಿದ ಪ್ರಕಾಶಕರೊಬ್ಬರು 'ಹಳೆಯ ಫಾಂಟಿನಲ್ಲೇ ಕೊಡಿ, ನಮ್ಮ ಪುಟ ವಿನ್ಯಾಸದವರಿಗೆ ಅದೇ ರೂಢಿ' ಅಂದರು. ಯೂನಿಕೋಡಿನಿಂದ ಮತ್ತೆ ಹಳೆಯದಕ್ಕೆ ಬದಲಿಸಿ, ಮತ್ತೆ ವತ್ತುಗಳನ್ನು ಹೆಕ್ಕಬೇಕು. ನಗು ಬಂತು. ಮಾಡಿಕೊಡುತ್ತೇನೆ ಎಂದಿದ್ದೇನೆ.

ಈ ಚಳಿಗಾಲ ಇಲ್ಲಿಯ ಕಳಮನಾ ಮಾರುಕಟ್ಟೆಗೆ ಗೆಳೆಯರೊಬ್ಬರ ಜೊತೆ ಹೋಗಿದ್ದೆ. ಕೆಂಪು ಮೆಣಸಿನಕಾಯಿಯ ಚೀಲಗಳ ಸಾಲು. ಇದು ಭಿವಾಪುರದ್ದು, ನಮ್ಮ ಬ್ಯಾಡಗಿಯ ಹಾಗೆ ಸುಕ್ಕಿಲ್ಲ, ಆದರೆ ಘಾಟು ಮೂಗಿಗೆ ಅಡರಿದ ಕೂಡಲೇ ಸೀನು ಬಂತು. ಅಲ್ಲಿಂದಲೇ ಅಪ್ಪನಿಗೆ ವಿಡಿಯೊ ಕರೆ ಮಾಡಿ ಚೀಲ ತೋರಿಸಿದೆ. ಅವರು ಮೆಣಸಿನಕಾಯಿಯ ಸುದ್ದಿ ಬಿಟ್ಟು ಬೇರೆಯೇ ಹೇಳಿದರು. ಯಾರ ಯಾರ ಕೈಕಾಲು ಹಿಡಿದೋ ಸೋಲಾಪುರದ ವಿಳಾಸ ಸಿಕ್ಕಿದೆಯಂತೆ. ಅತ್ತೆಯ ಮಗಳಿಗೆ ಒಂದು ಕಾಗದ ಬರೆದು, ಆ ಹನ್ನೊಂದು ದೃಶ್ಯಗಳ ಪ್ರತಿಯನ್ನೂ ಇಟ್ಟು ಅಂಚೆಗೆ ಹಾಕಿದ್ದಾರಂತೆ. ಹೆಸರು ಯಾವುದು ಇರಲಿ ಎಂದು ಅವಳೇ ಹೇಳಲಿ ಎಂದು ಬರೆದಿದ್ದಾರೆ.

ನನ್ನ ಲ್ಯಾಪ್‌ಟಾಪಿನಲ್ಲಿ ಈಗ ಎರಡು ಫೋಲ್ಡರ್ ಇವೆ. ಒಂದರ ಹೆಸರು ಪಾರ್ವತಿ, ಇನ್ನೊಂದರದು ನೀಲವ್ವ. ಕಾಗದ ಹಾಕಿ ಐದು ವಾರವಾಯಿತು. ಪ್ರಕಾಶಕರಿಗೆ ಇನ್ನೂ ಯಾವುದನ್ನೂ ಕಳಿಸಿಲ್ಲ.